ಕಾಫಿ ತೋಟದ ಕಚೇರಿಯಲ್ಲಿ ಲಿಬ್ರೆಆಫೀಸ್: ಸಾಕೇ, ಮತ್ತು ತೊಂದರೆಯಾದರೆ ಯಾರನ್ನು ಕೇಳಬೇಕು?

ಕೊಡಗಿನ ಸುಂಟಿಕೊಪ್ಪ, ಮಾದಾಪುರ, ಸಿದ್ದಾಪುರದ ಕಡೆಯ ಸಣ್ಣ ಹಾಗೂ ಮಧ್ಯಮ ಗಾತ್ರದ ಕಾಫಿ ತೋಟಗಳ ಕಚೇರಿಗಳಲ್ಲಿ ಕಂಪ್ಯೂಟರ್‌ನಿಂದ ಆಗಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು. ಆಳುಗಳ ಚೆಕ್‌ರೋಲ್ (ಹಾಜರಿ ಮತ್ತು ಕೂಲಿಯ ಪಟ್ಟಿ), ಕೊಯ್ಲಿನ ಕಾಲದಲ್ಲಿ ದಿನದಿನದ ಹಣ್ಣಿನ ತೂಕ, ವಾರದ ಬಟವಾಡೆ, ಮಳೆಯ ದಾಖಲೆ, ಗೊಬ್ಬರದ ದಾಸ್ತಾನು, ವ್ಯಾಪಾರಿಗೆ ಕೊಟ್ಟ ಚೀಲಗಳ ಲೆಕ್ಕ, ಆಗಾಗ ಪಂಚಾಯಿತಿಗೋ ಬ್ಯಾಂಕಿಗೋ ಬರೆಯಬೇಕಾದ ಕನ್ನಡ ಅರ್ಜಿ. ಇದಕ್ಕೆ ಹಣ ಕೊಟ್ಟು ಕೊಳ್ಳುವ ಆಫೀಸ್ ತಂತ್ರಾಂಶವೇ ಬೇಕೇ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಲದೇ ಎಂದು ಕೇಳುವವರಿಗೆ, ಇಂಥದೊಂದು ಕಚೇರಿಯ ಲೆಕ್ಕವನ್ನು ಅದರಲ್ಲಿಯೇ ನಡೆಸಿಕೊಂಡು ಬಂದಿರುವ ನಾನು ಸಾಕು ಎಂದೇ ಹೇಳುತ್ತೇನೆ. ಆದರೆ ಆ ಉತ್ತರ ಕೇಳಿದ ಬೆಳೆಗಾರರು ಕೂಡಲೇ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ನಮ್ಮಿಂದ ಹಣವನ್ನೇ ಪಡೆಯದವರು ಮಾಡಿದ ವಸ್ತು ಬಟವಾಡೆಯ ದಿನ ಕೈಕೊಟ್ಟರೆ ಯಾರನ್ನು ಹಿಡಿಯುವುದು? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳದೆ ಈ ತಂತ್ರಾಂಶದ ಗುಣದೋಷಗಳನ್ನು ಮಾತ್ರ ವಿವರಿಸಿದರೆ ವಿಮರ್ಶೆ ಅರ್ಧಕ್ಕೆ ನಿಂತಂತಾಗುತ್ತದೆ.

ಮೊದಲು ಇದನ್ನು ಮಾಡುವವರು ಯಾರು ಎಂಬುದನ್ನು ತಿಳಿಯಬೇಕು. ಜರ್ಮನಿಯ ಸ್ಟಾರ್‌ಆಫೀಸ್ ಎಂಬ ತಂತ್ರಾಂಶವನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು, ಅಂದರೆ ಅದನ್ನು ಕಟ್ಟಿರುವ ಕೋಡನ್ನು, ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಸನ್ ಕಂಪನಿ ಒರಾಕಲ್‌ನ ಪಾಲಾದಾಗ, ಇದರ ಮುಂದಿನ ಗತಿಯೇನು ಎಂಬ ಆತಂಕದಿಂದ ಹಲವು ಡೆವಲಪರ್‌ಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯನ್ನು ಘೋಷಿಸಿ ಲಿಬ್ರೆಆಫೀಸ್ ಅನ್ನು ಆರಂಭಿಸಿದರು. 2011ರ ಜನವರಿಯಲ್ಲಿ ಅದರ ಮೊದಲ ಆವೃತ್ತಿ ಬಂತು. ಇದರಲ್ಲಿ ದುಡಿಯುವವರೆಲ್ಲ ಸ್ವಯಂಸೇವಕರಲ್ಲ. ಕೋಡ್‌ನ ದೊಡ್ಡ ಭಾಗ ಕೊಲಾಬೊರಾ, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಡೆವಲಪರ್‌ಗಳಿಂದ ಬಂದಿದೆ, ಫೌಂಡೇಶನ್‌ಗೂ ತನ್ನದೇ ಆದ ಕೆಲವು ನೌಕರರಿದ್ದಾರೆ. ಆದರೆ ಅನುವಾದ, ದೋಷಗಳ ಪರಿಶೀಲನೆ, ಕೈಪಿಡಿಗಳ ಬರವಣಿಗೆ ಮತ್ತು ಕೋಡ್‌ನ ಗಣನೀಯ ಪಾಲು ತಮ್ಮ ಬಿಡುವಿನ ವೇಳೆಯನ್ನು ಕೊಟ್ಟವರದು. ನಾವು ಒಂದು ದೂರು ಬರೆದಾಗ ಅದನ್ನು ಮೊದಲು ಓದುವವರು ಬಹುಮಟ್ಟಿಗೆ ಈ ಜನ. ಸಂಬಳ ಪಡೆಯುವ ಡೆವಲಪರ್ ಕೂಡ ತನ್ನ ಕಂಪನಿಯ ಗ್ರಾಹಕರ ಕೆಲಸವನ್ನು ಮೊದಲು ಮಾಡುತ್ತಾನೆಂಬುದನ್ನು ನೆನಪಿಡಬೇಕು. ನಾವು ಆ ಗ್ರಾಹಕರಲ್ಲ.

ಇನ್ನು ಕೆಲಸದ ವಿಷಯ. ತೋಟದ ಕಚೇರಿಗೆ ಮುಖ್ಯವಾಗಿ ಬೇಕಾಗುವುದು ಇದರ ಲೆಕ್ಕದ ಭಾಗವಾದ ಕ್ಯಾಲ್ಕ್. ಆಳಿನ ಹೆಸರು, ದಿನ, ಮಾಡಿದ ಕೆಲಸ, ಕೊಯ್ದ ಕೆ.ಜಿ., ಮುಂಗಡ, ಭವಿಷ್ಯನಿಧಿಯ ಕಡಿತ ಇವನ್ನೆಲ್ಲ ಒಂದು ಹಾಳೆಯಲ್ಲಿ ದಿನವೂ ತುಂಬಿಕೊಂಡು ಹೋದರೆ ವಾರದ ಬಟವಾಡೆಯ ಪಟ್ಟಿ, ಸಾಲುಗಳನ್ನು ತಾನೇ ಒಟ್ಟುಗೂಡಿಸುವ ಪಿವೋಟ್ ಟೇಬಲ್‌ನಲ್ಲಿ ತಾನಾಗಿ ಬರುತ್ತದೆ. ರೋಬಸ್ಟಾ ಚೆರ್ರಿಯನ್ನು ಔಟ್‌ಟರ್ನ್ ಮೇಲೆ ಮಾರುವವರಿಗೆ, ಅಂದರೆ 50 ಕೆ.ಜಿ. ಚೀಲದಲ್ಲಿ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆಂಬ ಲೆಕ್ಕದ ಮೇಲೆ ದರ ಕಟ್ಟುವವರಿಗೆ, ಬೇರೆಬೇರೆ ವ್ಯಾಪಾರಿಗಳು ಹೇಳಿದ ದರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ನಮ್ಮಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿ ಬರೆಯುವ ರೂಢಿಯಿದೆ. ತಾತನ ಕಾಲದ ಮಳೆಪುಸ್ತಕವನ್ನು ಹಾಳೆಗೆ ಏರಿಸಿ, ಒಂದು ಇಂಚಿಗೆ 25.4 ಮಿ.ಮೀ. ಎಂಬ ಒಂದೇ ಸೂತ್ರವನ್ನು ಎಳೆದರೆ ಎರಡೂ ಮಾನಗಳು ಜೊತೆಗಿರುತ್ತವೆ, ಮಾರ್ಚ್–ಏಪ್ರಿಲ್‌ನ ಹೂಮಳೆ ಯಾವ ವರ್ಷ ಯಾವ ವಾರ ಬಿತ್ತೆಂಬುದು ರೇಖಾಚಿತ್ರದಲ್ಲಿ ಎದ್ದು ಕಾಣುತ್ತದೆ. ಇದರ ಬಗ್ಗೆ ನನಗೆ ವಿಶೇಷ ಪ್ರೀತಿಯಿದೆ. ಮಳೆಪುಸ್ತಕಗಳು ಗೆದ್ದಲಿಗೆ ಹೋಗುವ ಮೊದಲು ಪ್ರತಿ ತೋಟದವರೂ ಈ ಕೆಲಸ ಮಾಡಬೇಕು.

ಇಂಟರ್‌ನೆಟ್ ಇಲ್ಲದೆ ಪೂರ್ತಿ ಕೆಲಸ ಮಾಡುವುದು ಕೊಡಗಿನಲ್ಲಿ ಸಣ್ಣ ಗುಣವಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋದರೆ ವಿದ್ಯುತ್ ಯಾವಾಗ ಬರುತ್ತದೆಂದು ಹೇಳಲಾಗದು, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ಆಗಲೂ ಲ್ಯಾಪ್‌ಟಾಪ್‌ನ ಬ್ಯಾಟರಿ ಇರುವಷ್ಟು ಹೊತ್ತು ಲೆಕ್ಕ ಮುಂದುವರಿಯುತ್ತದೆ. ಯಂತ್ರ ದಿಢೀರನೆ ಆರಿದಾಗ ಕಳೆದುಹೋದ ಕೆಲಸವನ್ನು ಮರಳಿ ತರುವ ವ್ಯವಸ್ಥೆ ಇದೆ, ಆದರೆ ಅದು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಮಾತ್ರ ಮಾಹಿತಿಯನ್ನು ತೆಗೆದಿಟ್ಟುಕೊಳ್ಳುವುದರಿಂದ, ಆಯ್ಕೆಗಳಿಗೆ ಹೋಗಿ ಅದನ್ನು ಎರಡು ನಿಮಿಷಕ್ಕೆ ಇಳಿಸಿಕೊಳ್ಳಬೇಕು.

ಕನ್ನಡದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ಏಕೆಂದರೆ ಅಸಮಾಧಾನಗಳು ಹೆಚ್ಚು ಹುಟ್ಟುವುದು ಇಲ್ಲಿಯೇ. ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಯೂನಿಕೋಡ್ ಅಕ್ಷರಸಂಕೇತದ ಕನ್ನಡವನ್ನು ಲಿಬ್ರೆಆಫೀಸ್ ಇಂದು ಚೆನ್ನಾಗಿ ಮೂಡಿಸುತ್ತದೆ. 2017ರ ಆರಂಭದಲ್ಲಿ ಬಂದ 5.3ನೆಯ ಆವೃತ್ತಿಯಿಂದ ಅಕ್ಷರಗಳ ಜೋಡಣೆಯನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶಕ್ಕೆ ಒಪ್ಪಿಸಲಾಗಿದೆ. ಆ ಬದಲಾವಣೆಯ ಹಿಂದಿದ್ದ ಖಾಲಿದ್ ಹೊಸ್ನಿ ಈಜಿಪ್ಟಿನವರು. ಅರಬಿ ಲಿಪಿಯ ತೊಡಕುಗಳನ್ನು ಬಲ್ಲ ಒಬ್ಬರ ಶ್ರಮದಿಂದ ನಮ್ಮ ಒತ್ತಕ್ಷರಗಳಿಗೂ ಒಂದೇ ಗಟ್ಟಿ ನೆಲೆ ಸಿಕ್ಕಿತು. ಹೀಗಿರುವಾಗ ಒಂದು ಅಕ್ಷರ ತಪ್ಪಾಗಿ ಮೂಡಿದರೆ ಲಿಬ್ರೆಆಫೀಸ್ ಸರಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಮೂರು ಕಡೆ ನೋಡಬೇಕು. ದೋಷವು ಅಕ್ಷರಶೈಲಿಯ (ಫಾಂಟ್) ಒಳಗಿನ ನಿಯಮಗಳಲ್ಲಿ ಇರಬಹುದು, ಹಾರ್ಫ್‌ಬಜ್‌ನಲ್ಲಿ ಇರಬಹುದು, ಅಥವಾ ನಾವು ಒತ್ತಿದ ಕೀಲಿಗಳಲ್ಲಿಯೇ ಇರಬಹುದು. 'ರ‍್ಯಾಂಕ್' ಎಂದು ಬರೆಯುವಾಗ ಅರ್ಕಾವತ್ತು ಬಾರದಂತೆ ತಡೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು, ಅದನ್ನು ಹಾಕದೆ ಬರೆದರೆ ಯಾವ ತಂತ್ರಾಂಶವೂ ನಮ್ಮ ಮನಸ್ಸಿನಲ್ಲಿರುವುದನ್ನು ಮೂಡಿಸಲಾರದು. ಅದೇ ಸಾಲನ್ನು ನೋಟೋ ಸಾನ್ಸ್ ಕನ್ನಡದಲ್ಲಿ ಒಮ್ಮೆ, ಲೋಹಿತ್ ಕನ್ನಡದಲ್ಲಿ ಒಮ್ಮೆ, ಗುಬ್ಬಿ ಎಂಬ ಅಕ್ಷರಶೈಲಿಯಲ್ಲಿ ಒಮ್ಮೆ ನೋಡಿದರೆ ದೋಷ ಎಲ್ಲಿದೆಯೆಂಬುದು ಬಹಳಷ್ಟು ಸಲ ಅಲ್ಲಿಯೇ ತಿಳಿದುಹೋಗುತ್ತದೆ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳದು ಬೇರೆಯೇ ಕತೆ. ಅವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿರುವುದರಿಂದ, ಆ ಅಕ್ಷರಶೈಲಿ ಯಂತ್ರದಲ್ಲಿ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಮಾತ್ರ. ಇದನ್ನು ಲಿಬ್ರೆಆಫೀಸ್‌ನ ದೋಷವೆನ್ನುವುದು ಸರಿಯಲ್ಲ. ಇಂಥ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು, ಜೊತೆಗೆ ಗುಬ್ಬಿ ಅಕ್ಷರಶೈಲಿಯನ್ನು ಮಾಡಿ ಉಚಿತವಾಗಿ ಕೊಟ್ಟವರು ಅರವಿಂದ ವಿ.ಕೆ. ಎಂಬ ಕನ್ನಡಿಗ ಡೆವಲಪರ್. ಮೆನುಗಳ ಕನ್ನಡ ಅನುವಾದ ಅಪೂರ್ಣವಾಗಿದೆ, ಕನ್ನಡ ಮೆನು ಆಯ್ದುಕೊಂಡರೂ ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ. ವಿಭಕ್ತಿ ಮತ್ತು ಸಂಧಿಗಳಿಂದ ಒಂದೊಂದು ಪದವೂ ನೂರಾರು ರೂಪ ತಾಳುವ ನಮ್ಮ ಭಾಷೆಗೆ ಪದಪಟ್ಟಿಯನ್ನು ನಂಬಿದ ಕಾಗುಣಿತ ಪರೀಕ್ಷೆ ಸಾಕಾಗುವುದಿಲ್ಲ. ಇವು ನಿಜವಾದ ಕೊರತೆಗಳು, ನಾನು ಅಂಕ ಕಡಿಮೆ ಮಾಡುವುದು ಇಲ್ಲಿಯೇ. ಆದರೆ ಈ ಕೊರತೆಯನ್ನು ತುಂಬಬೇಕಾದವರು ಬರ್ಲಿನ್ನಿನಲ್ಲಿರುವ ಯಾರೋ ಅಲ್ಲ. ಅನುವಾದದ ಕೆಲಸ ವೆಬ್‌ಲೇಟ್ ಎಂಬ ತಾಣದಲ್ಲಿ ಎಲ್ಲರಿಗೂ ತೆರೆದಿದೆ. ಕನ್ನಡದ ಮೆನು ಅರೆಬರೆಯಾಗಿದೆಯೆಂದರೆ ಅದನ್ನು ಮಾಡುವ ಕನ್ನಡಿಗರು ಸಾಲದು ಎಂದಷ್ಟೇ ಅರ್ಥ.

ಹೊರಗಿನ ಎಕ್ಸೆಲ್ ಮತ್ತು ವರ್ಡ್ ಕಡತಗಳನ್ನು ತೆರೆಯುವುದರಲ್ಲಿ ಮಿತಿಗಳಿವೆ. ಸಾಮಾನ್ಯ ಲೆಕ್ಕಗಳು ಸರಿಯಾಗಿ ತೆರೆದುಕೊಳ್ಳುತ್ತವೆ, ಆದರೆ ವಿಬಿಎ ಮ್ಯಾಕ್ರೋಗಳು, ಅಂದರೆ ಎಕ್ಸೆಲ್‌ನೊಳಗೆ ಬರೆದ ಸಣ್ಣ ಪ್ರೋಗ್ರಾಮ್‌ಗಳು ಇರುವ ಹಾಳೆಗಳು ಭಾಗಶಃ ಮಾತ್ರ ನಡೆಯುತ್ತವೆ, ವರ್ಡ್‌ನ ಸಂಕೀರ್ಣ ಪುಟವಿನ್ಯಾಸ ಅಲ್ಲಲ್ಲಿ ಸರಿದಾಡುತ್ತದೆ. ಮೈಕ್ರೋಸಾಫ್ಟ್‌ನ ಕ್ಯಾಲಿಬ್ರಿ ಅಕ್ಷರಶೈಲಿಯ ಅಳತೆಗೇ ಹೊಂದುವ ಕಾರ್ಲಿಟೊ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಈ ಸರಿದಾಟ ಬಹಳಷ್ಟು ಕಡಿಮೆಯಾಗುತ್ತದೆ. ನಿಮ್ಮ ಲೆಕ್ಕಪರಿಶೋಧಕರು ಮ್ಯಾಕ್ರೋ ತುಂಬಿದ ಹಾಳೆಗಳನ್ನೇ ಕಳುಹಿಸುವವರಾದರೆ ಒಂದು ಯಂತ್ರದಲ್ಲಾದರೂ ಎಕ್ಸೆಲ್ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ತೊಂದರೆಯಾದರೆ ಯಾರನ್ನು ಹಿಡಿಯುವುದು ಎಂಬ ಆ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಲಿಬ್ರೆಆಫೀಸ್‌ನ ಪರವಾನಗಿಯಾದ ಮೊಝಿಲ್ಲಾ ಪಬ್ಲಿಕ್ ಲೈಸೆನ್ಸ್ ಸ್ಪಷ್ಟವಾಗಿ ಹೇಳುವಂತೆ, ತಂತ್ರಾಂಶವನ್ನು ಇದ್ದ ಹಾಗೆಯೇ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ. ಇದರ ಅರ್ಥ ಬಳಕೆದಾರ ಏನನ್ನೂ ಕೇಳಬಾರದು ಎಂದು ಕೆಲವರು ತಿಳಿಯುತ್ತಾರೆ. ಇನ್ನು ಕೆಲವರು, ಪ್ರಪಂಚಕ್ಕೆಲ್ಲ ಹಂಚಿದ ಮೇಲೆ ಅದನ್ನು ಸರಿಯಾಗಿಡುವುದು ಅವರ ಕರ್ತವ್ಯವಲ್ಲವೇ ಎನ್ನುತ್ತಾರೆ. ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಗದ್ದೆಯ ನಾಟಿಗೆ ಮುಯ್ಯಾಳಾಗಿ ಬಂದವರನ್ನು ನಾಳೆಯೂ ಬರಲೇಬೇಕೆಂದು ಒತ್ತಾಯಿಸುವ ಹಕ್ಕು ನಮಗಿಲ್ಲ, ಆದರೆ ನೆಟ್ಟ ಸಸಿಯನ್ನು ಅವರು ತುಳಿಯಬಾರದೆಂದು ನಿರೀಕ್ಷಿಸುವ ಹಕ್ಕು ಖಂಡಿತ ಇದೆ. ಸ್ವಯಂಸೇವಕ ಡೆವಲಪರ್ ನಮಗೆ ತನ್ನ ಸಮಯವನ್ನು ಸಲ್ಲಿಸಬೇಕಾಗಿಲ್ಲ. ಪ್ರಾಮಾಣಿಕತೆಯನ್ನು ಸಲ್ಲಿಸಬೇಕು, ಮತ್ತು ತಿಳಿದೂ ತಿಳಿದೂ ಹಾನಿ ಮಾಡದಿರಬೇಕು.

ಪ್ರಾಮಾಣಿಕತೆ ಎಂದರೆ ಇಲ್ಲಿ ಬಹಳ ನಿರ್ದಿಷ್ಟವಾದ ಕೆಲವು ಸಂಗತಿಗಳು. ತಂತ್ರಾಂಶ ಯಾವ ಸ್ಥಿತಿಯಲ್ಲಿದೆ, ಯಾವ ಆವೃತ್ತಿಗೆ ತಿದ್ದುಪಡಿ ಬರುತ್ತದೆ, ಯಾವುದಕ್ಕೆ ನಿಂತಿದೆ ಎಂಬುದನ್ನು ಮುಚ್ಚಿಡಬಾರದು. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಹೊಸ ಆವೃತ್ತಿ ತರುತ್ತದೆ, ಪ್ರತಿಯೊಂದಕ್ಕೂ ತಿದ್ದುಪಡಿ ಯಾವಾಗ ನಿಲ್ಲುತ್ತದೆಂದು ಮೊದಲೇ ತಿಳಿಸುತ್ತದೆ, ಭದ್ರತಾ ದೋಷಗಳನ್ನು ಸರಿಪಡಿಸಿದಾಗ ಅವುಗಳ ವಿವರ ಪ್ರಕಟಿಸುತ್ತದೆ. 2024ರ ಫೆಬ್ರವರಿಯಿಂದ ಆವೃತ್ತಿಯ ಸಂಖ್ಯೆಯೇ ವರ್ಷ ಮತ್ತು ತಿಂಗಳನ್ನು ಸೂಚಿಸುವುದರಿಂದ, ಕಚೇರಿಯಲ್ಲಿರುವುದು ಎಷ್ಟು ಹಳೆಯದೆಂದು ಯಾರಾದರೂ ನೋಡಿ ಹೇಳಬಹುದು. ವ್ಯಾಪಾರ ಸಂಸ್ಥೆಗಳಿಗೆ ದೀರ್ಘಕಾಲದ ನೆರವು ಬೇಕಾದರೆ ಹಣ ಪಡೆದು ಅದನ್ನು ಕೊಡುವ ಕಂಪನಿಗಳ ಬಳಿ ಹೋಗಿ ಎಂದೂ ಫೌಂಡೇಶನ್ ಮರೆಮಾಚದೆ ಹೇಳುತ್ತದೆ. ಈ ಕಡೆಯಿಂದ ನೋಡಿದರೆ ಅದಕ್ಕೆ ಪೂರ್ಣ ಅಂಕ ಕೊಡಬೇಕು. ಇದಕ್ಕೆ ಹೋಲಿಸಿದರೆ, ಅದರ ಹಿರಿಯಣ್ಣನಾದ ಓಪನ್‌ಆಫೀಸ್ 2011ರಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಪ್ರತಿಷ್ಠಾನಕ್ಕೆ ಹೋದ ಮೇಲೆ, 2014ರಲ್ಲಿ ಬಂದ 4.1ರ ಸಾಲಿನಲ್ಲಿಯೇ ಸಣ್ಣ ತಿದ್ದುಪಡಿಗಳನ್ನು ಕಾಣುತ್ತ ಉಳಿದಿದೆ. ಅಲ್ಲಿರುವ ಕೆಲವೇ ಸ್ವಯಂಸೇವಕರು ವೇಗವಾಗಿ ಕೆಲಸ ಮಾಡಲಿಲ್ಲ ಎಂದು ನಾನು ದೂರುವುದಿಲ್ಲ. ಆದರೆ ಹಳೆಯ ಹೆಸರನ್ನು ನಂಬಿ ಬರುವ ಬಳಕೆದಾರನಿಗೆ ಈ ಸ್ಥಿತಿಯನ್ನು ಮುಖಪುಟದಲ್ಲಿಯೇ ಹೇಳಬೇಕಿತ್ತು ಎಂಬುದು ನ್ಯಾಯವಾದ ನಿರೀಕ್ಷೆ. ಬಳಕೆದಾರರಿಗೆ ಲಿಬ್ರೆಆಫೀಸ್ ಇರುವುದನ್ನು ತಿಳಿಸಿ ಎಂದು ಫೌಂಡೇಶನ್ 2020ರಲ್ಲಿ ಬಹಿರಂಗ ಪತ್ರ ಬರೆದು ಕೋರಿತ್ತು.

ನಮ್ಮ ದತ್ತಾಂಶ ನಮ್ಮದಾಗಿಯೇ ಉಳಿಯಬೇಕೆಂಬುದು ಇನ್ನೊಂದು. ಲಿಬ್ರೆಆಫೀಸ್ ತನ್ನ ಕಡತಗಳನ್ನು ಉಳಿಸುವ ಓಡಿಎಫ್ ವಿನ್ಯಾಸ 2006ರಲ್ಲಿಯೇ ಐಎಸ್‌ಒ ಮಾನಕವಾಗಿದೆ. ನಾಳೆ ಈ ತಂತ್ರಾಂಶವೇ ನಿಂತರೂ ಬೇರೆ ತಂತ್ರಾಂಶಗಳು ಆ ಕಡತವನ್ನು ಓದುತ್ತವೆ. ನಮ್ಮ ಕಚೇರಿಯಲ್ಲಿ ಹಿಂದೆ ವರ್ಷವರ್ಷವೂ ಹಣ ಕಟ್ಟಿ ಬಳಸುತ್ತಿದ್ದ ಒಂದು ಲೆಕ್ಕಪತ್ರದ ತಂತ್ರಾಂಶವನ್ನು ಅದರ ಮಾಲೀಕರು ನಿಲ್ಲಿಸಿದಾಗ, ಒಳಗಿದ್ದ ಚೆಕ್‌ರೋಲ್‌ಗಳನ್ನು ಹೊರತೆಗೆಯುವ ದಾರಿಯೇ ಇರಲಿಲ್ಲ, ಮುದ್ರಿಸಿಟ್ಟ ಹಾಳೆಗಳನ್ನು ನೋಡಿ ಮತ್ತೆ ಟೈಪ್ ಮಾಡಬೇಕಾಯಿತು. ಹಣ ಕೊಟ್ಟವರಿಗೂ ಸಿಗದ ಈ ಭದ್ರತೆ, ಹಣ ಕೊಡದವರಿಗೆ ಇಲ್ಲಿ ಈ ತೆರೆದ ಮಾನಕದಿಂದ, ಮತ್ತು ಕೋಡನ್ನು ಯಾರು ಬೇಕಾದರೂ ಕೊಂಡೊಯ್ದು ಮುಂದುವರಿಸಬಹುದೆನ್ನುವ ಪರವಾನಗಿಯಿಂದ ಸಿಗುತ್ತದೆ. 2010ರಲ್ಲಿ ಒರಾಕಲ್‌ನಿಂದ ಬೇರ್ಪಟ್ಟು ಹೊರಬಂದವರು ಬರಿಗೈಯಲ್ಲಿ ಬರಲಿಲ್ಲ, ಕೋಡ್‌ನೊಂದಿಗೆ ಬಂದರು ಎಂಬುದು ಈ ಹಕ್ಕಿನ ಬೆಲೆಯನ್ನು ತೋರಿಸುತ್ತದೆ.

ಕೇಳಬಾರದ್ದನ್ನು ಕೇಳಿದರೆ ಏನಾಗುತ್ತದೆಂಬುದಕ್ಕೆ 2024ರ ಎಕ್ಸ್‌ಝಡ್ ಪ್ರಕರಣವನ್ನು ಎಲ್ಲ ಬಳಕೆದಾರರೂ ತಿಳಿದಿರಬೇಕು. ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಬಳಕೆಯಾಗುವ ಈ ಕಡತ ಕುಗ್ಗಿಸುವ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬೊಬ್ಬರೇ ವರ್ಷಗಳಿಂದ ನೋಡಿಕೊಳ್ಳುತ್ತಿದ್ದರು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸ, ತಮ್ಮ ಮಾನಸಿಕ ಆರೋಗ್ಯವೂ ಬಹುಕಾಲದಿಂದ ಸರಿಯಿಲ್ಲ ಎಂದು ಅವರು 2022ರಲ್ಲಿ ಹೇಳಿಕೊಂಡಾಗಲೂ, ಹೊಸ ಆವೃತ್ತಿ ಏಕೆ ಬರುತ್ತಿಲ್ಲ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಡ ನಿಲ್ಲಲಿಲ್ಲ. ಒತ್ತಡ ಹೇರಿದ ಕೆಲವು ಹೆಸರುಗಳು ನಕಲಿಯೆಂಬ ಬಲವಾದ ಅನುಮಾನವಿದೆ. ನೆರವಿಗೆ ಬಂದವನಂತೆ ತೋರಿದ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಗೆ ಅಧಿಕಾರ ಸಿಕ್ಕಿತು, ಆತ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಇಟ್ಟ. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ದಣಿದ ಒಬ್ಬ ಮನುಷ್ಯನ ಮೇಲೆ ಬಳಕೆದಾರರು ಹಾಕುವ ಒತ್ತಡ ತಮ್ಮ ಯಂತ್ರದ ಭದ್ರತೆಯನ್ನೇ ಕೆಡಿಸಬಲ್ಲದು. ಬೇಗ ಮಾಡಿ ಎಂದು ಬರೆಯುವ ಮುನ್ನ ಇದನ್ನು ನೆನೆಯಬೇಕು.

ಹಾಗಾದರೆ ದೋಷ ಕಂಡಾಗ ಸುಮ್ಮನಿರಬೇಕೇ? ಖಂಡಿತ ಇಲ್ಲ, ಚೆನ್ನಾಗಿ ಬರೆದ ದೂರು ಡೆವಲಪರ್‌ಗೆ ನಾವು ಕೊಡಬಹುದಾದ ಒಳ್ಳೆಯ ನೆರವು. ಲಿಬ್ರೆಆಫೀಸ್‌ನ ದೂರುಗಳೆಲ್ಲ ಬಗ್‌ಝಿಲ್ಲಾ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ದಾಖಲಾಗುತ್ತವೆ. ಮೊದಲು ಸಹಾಯ ಮೆನುವಿನಲ್ಲಿರುವ ಸೇಫ್ ಮೋಡ್‌ನಲ್ಲಿ ತೆರೆದು ನೋಡಬೇಕು. ಅಲ್ಲಿ ದೋಷ ಕಾಣದಿದ್ದರೆ ಅದು ನಮ್ಮ ಸೆಟ್ಟಿಂಗ್‌ಗಳಲ್ಲಿಯೋ ನಾವು ಸೇರಿಸಿಕೊಂಡ ವಿಸ್ತರಣೆಯಲ್ಲಿಯೋ ಇದೆ. ಅಲ್ಲಿಯೂ ಕಂಡರೆ ಆವೃತ್ತಿ, ಯಂತ್ರದ ವ್ಯವಸ್ಥೆ, ದೋಷ ಮರುಕಳಿಸಲು ಒಂದರ ಹಿಂದೆ ಒಂದರಂತೆ ಮಾಡಬೇಕಾದದ್ದು, ಏನಾಗಬೇಕಿತ್ತು, ಏನಾಯಿತು ಎಂಬುದನ್ನು ಬರೆದು, ದೋಷ ಕಾಣುವಷ್ಟೇ ಚಿಕ್ಕ ಮಾದರಿ ಕಡತವನ್ನು ಸೇರಿಸಬೇಕು. ತೋಟದವರು ಇಲ್ಲಿ ಎಚ್ಚರ ವಹಿಸಲೇಬೇಕಾದ ಮಾತೊಂದಿದೆ. ಪಟ್ಟಿ ಸಾರ್ವಜನಿಕವಾದ್ದರಿಂದ ಆಳುಗಳ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ನಿಜವಾದ ಚೆಕ್‌ರೋಲನ್ನು ಎಂದಿಗೂ ಏರಿಸಕೂಡದು. ಹೆಸರಿನ ಜಾಗದಲ್ಲಿ ಅ, ಆ, ಇ ಎಂದು ಬರೆದ ಹಾಳೆಯನ್ನು ಬೇರೆಯೇ ಮಾಡಬೇಕು. ಕನ್ನಡದ ದೋಷವಾದರೆ ಸರಿಯಾಗಿ ಹೇಗೆ ಕಾಣಬೇಕೆಂಬುದರ ಚಿತ್ರವೂ ಬೇಕು, ಏಕೆಂದರೆ ಓದುವವರಿಗೆ ನಮ್ಮ ಲಿಪಿ ತಿಳಿದಿರುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಈಗ ಕೆಟ್ಟಿದ್ದರೆ, ಯಾವ ಬದಲಾವಣೆಯಿಂದ ಕೆಟ್ಟಿತೆಂದು ಹಳೆಯ ಸಿದ್ಧರೂಪಗಳನ್ನು ಅರ್ಧರ್ಧ ಭಾಗಿಸುತ್ತ ಹುಡುಕುವ ಬೈಬಿಸೆಕ್ಟ್ ಎಂಬ ವಿಧಾನವಿದೆ. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು. ಪೊನ್ನಂಪೇಟೆ, ಮಡಿಕೇರಿಯ ಕಾಲೇಜು ವಿದ್ಯಾರ್ಥಿಗಳು ಇದನ್ನು ಕಲಿತರೆ ಕನ್ನಡಕ್ಕೆ ದೊಡ್ಡ ಉಪಕಾರವಾಗುತ್ತದೆ.

ಇಷ್ಟು ಮಾಡಿದ ಮೇಲೆ ನಾವು ನಿರೀಕ್ಷಿಸಬಹುದಾದದ್ದು ಸೌಜನ್ಯದ ಒಂದು ಉತ್ತರ, ದುರಸ್ತಿಯ ದಿನಾಂಕವನ್ನಲ್ಲ. ಉತ್ತರ 'ಇದನ್ನು ಮಾಡುವವರು ಸದ್ಯಕ್ಕೆ ಇಲ್ಲ' ಎಂದಿದ್ದರೂ ಅದು ಗೌರವದ ಉತ್ತರವೇ, ಏಕೆಂದರೆ ಅದನ್ನು ನಂಬಿ ನಾವು ಬೇರೆ ದಾರಿ ಹುಡುಕಿಕೊಳ್ಳಬಹುದು. ದಿನಾಂಕವೇ ಬೇಕೆನ್ನುವವರು ಹಣ ಕೊಟ್ಟು ನೆರವು ಪಡೆಯಬೇಕು, ಆ ದಾರಿ ತೆರೆದಿದೆ. ನಮ್ಮ ಸಹಕಾರ ಸಂಘಗಳು, ಬೆಳೆಗಾರರ ಸಂಘಟನೆಗಳು ಒಟ್ಟುಗೂಡಿ, ಪರವಾನಗಿಗೆ ಕೊಡುತ್ತಿದ್ದ ಹಣದ ಒಂದು ಪಾಲಿನಿಂದ ಕನ್ನಡದ ಕಾಗುಣಿತ ಪರೀಕ್ಷೆಯಂಥ ಕೆಲಸವನ್ನು ಬಲ್ಲವರಿಂದ ಮಾಡಿಸಿ ಎಲ್ಲರಿಗೂ ಬಿಟ್ಟುಕೊಡಬಹುದು. ಇದು ಆಗಬೇಕೆಂದು ನಾನು ಬಹಳ ಬಯಸುತ್ತೇನೆ.

ಬದಲಾಯಿಸಲು ಮನಸ್ಸು ಮಾಡಿದವರು ಕೊಯ್ಲಿನ ನಡುವೆ ಆ ಕೆಲಸಕ್ಕೆ ಕೈಹಾಕಬಾರದು. ಮಳೆಗಾಲದಲ್ಲಿ ಕಚೇರಿಗೆ ತುಸು ಬಿಡುವಿರುವಾಗ ಅಳವಡಿಸಿ, ಹಳೆಯ ಹಾಳೆಗಳನ್ನು ತೆರೆದು ನೋಡಿ, ಒಂದು ತಿಂಗಳ ಬಟವಾಡೆಯನ್ನು ಹಳೆಯದರಲ್ಲೂ ಹೊಸದರಲ್ಲೂ ಮಾಡಿ ಮೊತ್ತಗಳು ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಬೇಕು. ಹೊಸ ಆವೃತ್ತಿ ಹೊರಬಂದ ವಾರವೇ ಅದನ್ನು ಹಾಕಿಕೊಳ್ಳದೆ, ಕೆಲವು ತಿದ್ದುಪಡಿಗಳು ಬಂದ ಮೇಲೆ ಹಾಕಿಕೊಳ್ಳುವುದು ಕಚೇರಿಗೆ ಹಿತ. ಫೌಂಡೇಶನ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹಣ ಕೇಳುವ, ಹೆಸರಷ್ಟೇ ಹೋಲುವ ತಾಣಗಳಿಂದ ಬೇಡ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುವ ಹೊತ್ತಿಗೆ ತೂಕದ ಹಾಳೆ ಸಿದ್ಧವಿದ್ದರೆ ಸಾಕು.